ಹಗ್ಗದ ಋಣ

ಅಮೆರಿಕದ ಫ್ಲಾರಿಡಾ ರಾಜ್ಯದ ಕ್ಲಿಯರ್‌ವಾಟರ್ ಪಟ್ಟಣದಲ್ಲಿ, ಹಿಂದೊಮ್ಮೆ ಊರಿನ ಕೊಳಚೆನೀರನ್ನು ಶುದ್ಧಗೊಳಿಸುತ್ತಿದ್ದ ಕಟ್ಟಡದಲ್ಲಿ ನೆಲೆಗೊಂಡ ಜಲಚರಾಲಯಕ್ಕೆ, ವಿಂಟರ್ ಎಂಬ ಬಾಲವಿಲ್ಲದ ಡಾಲ್ಫಿನ್ನನ್ನು ಕಾಣಲೆಂದು ಜನ ತಂಡೋಪತಂಡವಾಗಿ ಬರುತ್ತಿದ್ದ ಕಾಲವೊಂದಿತ್ತು. 2005ರ ಡಿಸೆಂಬರಿನಲ್ಲಿ, ಅದಿನ್ನೂ ಹಾಲು ಕುಡಿಯುವ ಮರಿಯಾಗಿದ್ದಾಗ, ಏಡಿ ಹಿಡಿಯುವ ಬೋನಿನ ಹಗ್ಗವು ಬಾಲಕ್ಕೆ ಸುತ್ತಿಕೊಂಡು ರಕ್ತಸಂಚಾರವನ್ನೇ ತಡೆದಿತ್ತು. ಬೆಸ್ತನೊಬ್ಬನ ಕಣ್ಣಿಗೆ ಬಿದ್ದುದರಿಂದ ಪ್ರಾಣ ಉಳಿಯಿತಾದರೂ ಬಾಲ ಉಳಿಯಲಿಲ್ಲ.

ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಡಿದು ಈಜುವುದು ಡಾಲ್ಫಿನ್ನಿನ ಜಾತಿಧರ್ಮ. ವಿಂಟರ್ ಆದರೋ ಮೀನಿನಂತೆ ಎಡಬಲಕ್ಕೆ ಬಳುಕುತ್ತ ಈಜುವುದನ್ನು ತಾನಾಗಿಯೇ ಕಲಿತುಕೊಂಡಿತು. ಈ ಅಸಹಜ ಚಲನೆಯಿಂದ ಬೆನ್ನೆಲುಬು ಡೊಂಕಾದೀತೆಂಬ ಭೀತಿಯುಂಟಾಗಲು, ಮನುಷ್ಯರಿಗೆ ಕೃತಕಾಂಗಗಳನ್ನು ಮಾಡಿಕೊಡುತ್ತಿದ್ದ ಕೆವಿನ್ ಕ್ಯಾರಲ್ ಮೊದಲಾದ ಕುಶಲಿಗಳು ಅದಕ್ಕೊಂದು ಕೃತಕ ಬಾಲವನ್ನು ನಿರ್ಮಿಸಿದರು. ಅದರ ಸುಕುಮಾರ ಚರ್ಮವು ನೋಯದಿರಲೆಂದು ರೂಪಿಸಿದ ಮೆತ್ತನೆಯ ಜೆಲ್ ಕವಚವು ಮುಂದೆ ಕಾಲು ಕಳೆದುಕೊಂಡ ಮನುಷ್ಯರಿಗೂ ಒದಗಿತು. ಅಂಗಹೀನರಾದ ಮಕ್ಕಳೂ ಯೋಧರೂ ವಿಂಟರನ್ನು ಕಂಡು ಧೈರ್ಯ ತಂದುಕೊಂಡರು. 2011ರಲ್ಲಿ ಅದರ ಕಥೆ ಚಲನಚಿತ್ರವಾಯಿತು. 2021ರ ನವೆಂಬರಿನಲ್ಲಿ, ಕರುಳು ತಿರುಚಿಕೊಂಡು, ಅದು ಅಸುನೀಗಿತು.

ಇಂಥ ಜೀವಿಯನ್ನು ಕಂಡವರಲ್ಲಿ ಮಾನವನ ಕರುಣೆಯನ್ನು ಕುರಿತು ಹೆಮ್ಮೆ ಮೂಡುವುದು ಸಹಜವೇ. ಆದರೆ ಶುಶ್ರೂಷೆ ನಮ್ಮದಾದಂತೆ ಹಗ್ಗವೂ ನಮ್ಮದೇ ಆಗಿತ್ತಲ್ಲವೆ? ತಾನೇ ಮಾಡಿದ ಗಾಯಕ್ಕೆ ತಾನೇ ಮದ್ದು ಹಚ್ಚಿದವನು ಅದನ್ನು ದಾನವೆಂದು ಬರೆದಿಟ್ಟುಕೊಳ್ಳುವುದು ಸಲ್ಲದು. ಅದು ಋಣಸಂದಾಯದ ಮೊದಲ ಕಂತು ಮಾತ್ರ. ಆ ಮೂಕಪ್ರಾಣಿಯಿಂದ ನಾವು ಪಡೆದ ವಿದ್ಯೆ, ಧೈರ್ಯ, ಪ್ರವೇಶಶುಲ್ಕ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ, ಋಣವು ತಗ್ಗಿತೆನ್ನುವುದಕ್ಕಿಂತ ಬೆಳೆಯಿತೆನ್ನುವುದೇ ನ್ಯಾಯ.

ಹಾಗೆಂದು ಅದನ್ನು ಕೊಳದಲ್ಲಿ ಇರಿಸಿಕೊಂಡದ್ದೇ ಅಪರಾಧವೆನ್ನುವವರ ಮಾತನ್ನು ನಾನು ಒಪ್ಪಲಾರೆ. ತಾಯಿಯಿಂದ ಬೇಟೆ ಕಲಿಯದ, ಬಾಲವಿಲ್ಲದ ಮರಿಗೆ ಸಮುದ್ರವೆಂದರೆ ಮರಣವೇ ಸರಿ. ರಕ್ಷಿತ ಪ್ರಾಣಿಯನ್ನು ಕಡಲಿಗೆ ಮರಳಿಸಬಹುದೇ ಎಂಬುದರ ಅಂತಿಮ ನಿರ್ಣಯವನ್ನು ಸಾಕುವವರ ಕೈಗೆ ಬಿಡದೆ ಸರಕಾರದ ಮೀನುಗಾರಿಕಾ ಸೇವೆಗೆ ಒಪ್ಪಿಸಿರುವ ಅಲ್ಲಿನ ಪದ್ಧತಿಯೂ ವಿವೇಕದ್ದು. ಆದರೆ ಗಾಯಗೊಂಡುದನ್ನು ಸಾಕುವ ಈ ನ್ಯಾಯವನ್ನು ಆರೋಗ್ಯವಂತ ಡಾಲ್ಫಿನ್‌ಗಳನ್ನು ಹಿಡಿದು ತಂದು ಕುಣಿಸುವುದಕ್ಕೆ ಆಧಾರವಾಗಿಸಕೂಡದು. ಮನರಂಜನೆಯ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿ ಇಲ್ಲವೆಂದು ಭಾರತವು 2013ರಲ್ಲಿ ಕೈಗೊಂಡ ನಿರ್ಧಾರವು ಈ ಭೇದವನ್ನು ಸರಿಯಾಗಿಯೇ ಗ್ರಹಿಸಿತ್ತು. ಪ್ರಾಣಿಯ ಅಗತ್ಯವೇ ಪ್ರಮಾಣ, ಪ್ರೇಕ್ಷಕನ ಸಂತೋಷ ಆನುಷಂಗಿಕ.

ನಮ್ಮ ಕಾರವಾರದ ಕಡಲಲ್ಲಿಯೂ ಡಾಲ್ಫಿನ್‌ಗಳುಂಟು, ನಮ್ಮ ಬೋಟುಗಳಲ್ಲಿಯೂ ಬಲೆ ಹಗ್ಗಗಳುಂಟು. ಹರಿದ ಬಲೆಯನ್ನು ನೀರಿಗೆಸೆಯದೆ ದಡಕ್ಕೆ ತಂದ ಮೀನುಗಾರನಿಗೆ ಬಂದರಿನಲ್ಲಿಯೇ ತಕ್ಕ ಬೆಲೆ ದೊರಕುವಂತಾದರೆ, ಗಾಯವಾದ ಮೇಲೆ ತೋರುವ ಕರುಣೆಗಿಂತ ಅದು ಅಗ್ಗವೂ ಹೌದು, ಶ್ರೇಯಸ್ಕರವೂ ಹೌದು.