ಎಂಟು ಜನರ ಕಡತ

1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ಅಮೆರಿಕದ ಬಿ-24 ಬಾಂಬರ್ ವಿಮಾನವೊಂದು ಹಿಮಾಲಯದ ಮೋಡಗಳೊಳಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ಒಳಗಿದ್ದವರು ಎಂಟು ಮಂದಿ. ವಿಮಾನಕ್ಕೆ ಇಟ್ಟಿದ್ದ ಹೆಸರು ‘ಹಾಟ್ ಆ್ಯಸ್ ಹೆಲ್’. ಅಂದು ಅವರು ಯಾರ ಮೇಲೂ ಬಾಂಬ್ ಹಾಕಲು ಹೊರಟವರಲ್ಲ. ಚೀನಾದಲ್ಲಿ ನೆಲೆಸಿದ್ದ 308ನೇ ಬಾಂಬರ್ ಪಡೆ ತನಗೆ ಬೇಕಾದ ಪೆಟ್ರೋಲು, ಬಾಂಬು, ಬಿಡಿಭಾಗ ಎಲ್ಲವನ್ನೂ ಬೆಟ್ಟ ದಾಟಿಸಿ ತಾನೇ ಹೊತ್ತುಕೊಳ್ಳಬೇಕಿತ್ತು. ಸಾಮಾನು ತುಂಬಿಕೊಂಡು ಬರಲು ಹೊರಟಿದ್ದ ವಿಮಾನ ಅದು.

2006ರಲ್ಲಿ ಅರುಣಾಚಲದ ದಾಮ್‌ರೋ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಅದು ಪತ್ತೆಯಾಯಿತು. ಪತ್ತೆ ಮಾಡಿದ ಕೀರ್ತಿ ಅರಿಜೋನಾದ ಒಬ್ಬ ಪರ್ವತಾರೋಹಿಗೆ ಸೇರಿದೆ, ಸರಿ. ಆದರೆ ಆ ಕಡೆಯ ಬೆಟ್ಟಗಳಲ್ಲಿ ಬಿದ್ದಿರುವ ಯುದ್ಧಕಾಲದ ವಿಮಾನಗಳ ವಿಷಯ ಅಲ್ಲಿನ ಬೇಟೆಗಾರರಿಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ವಿಮಾನದ ಅಲ್ಯೂಮಿನಿಯಂ ತಗಡು ಅಲ್ಲಿನ ಮನೆಗಳಲ್ಲಿ ಪಾತ್ರೆಯಾಗಿದೆ. ಅಂದರೆ ಎಂಟು ಜನ ನಾಪತ್ತೆಯಾಗಿದ್ದದ್ದು ವಾಷಿಂಗ್ಟನ್ನಿನ ಕಡತದಲ್ಲಿ. ಬೆಟ್ಟದವರನ್ನು ಬಂದು ಕೇಳಿದವರು ಇರಲಿಲ್ಲ, ಅಷ್ಟೆ.

ಇಂಥ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಹುಡುಕುತ್ತಿರುವವರು ಯಾರು? ತಾಯಿ ತಂದೆ ಹೋಗಿ ದಶಕಗಳಾದವು. ಸತ್ತವರಲ್ಲಿ ಅನೇಕರು ಮದುವೆಯಾಗದ ಹುಡುಗರು. ಹಾಗಾಗಿ ಈಗ ಅರ್ಜಿ ಬರೆಯುವವರು ತಮ್ಮನ ಮಗ, ತಂಗಿಯ ಮೊಮ್ಮಗಳು, ಹೀಗೆ ಆ ಮುಖವನ್ನೇ ನೋಡದವರು. ನೋಡದವನಿಗಾಗಿ ಇವರಿಗೇಕೆ ಇಷ್ಟು ಸಂಕಟ, ಸರ್ಕಾರಗಳು ಅದಕ್ಕಾಗಿ ಯಾಕೆ ಖರ್ಚು ಮಾಡಬೇಕು? ಇದು ಒರಟು ಪ್ರಶ್ನೆ ಅನ್ನಿಸಬಹುದು, ಆದರೆ ತಳ್ಳಿಹಾಕುವಂಥದ್ದಲ್ಲ.

ದುಃಖಕ್ಕೆ ಗಡುವು ಹಾಕುವುದು ಸಮಾಜಕ್ಕೆ ಚೆನ್ನಾಗಿ ಗೊತ್ತು. ಯುದ್ಧಕಾಲದ ಬ್ರಿಟನ್ ನಾಪತ್ತೆಯಾದ ವಿಮಾನ ಸಿಬ್ಬಂದಿಯನ್ನು ಸಾಮಾನ್ಯವಾಗಿ ಆರು ತಿಂಗಳ ನಂತರ ಸತ್ತರೆಂದು ಭಾವಿಸುತ್ತಿತ್ತು. ಅಮೆರಿಕದಲ್ಲಿ ಆ ಲೆಕ್ಕ ಒಂದು ವರ್ಷ ಒಂದು ದಿನ. ನಮ್ಮ ಸಾಕ್ಷ್ಯ ಕಾನೂನು ಏಳು ವರ್ಷ ಕಾಯುತ್ತದೆ. ಊರಿನ ಪುರೋಹಿತರು ಹನ್ನೆರಡು ವರ್ಷ ನೋಡಿ ದರ್ಭೆಯ ಪ್ರತಿಕೃತಿ ಸುಟ್ಟು ತಿಥಿ ಗೊತ್ತುಮಾಡಿಕೊಡುತ್ತಾರೆ. ಸಂಬಳ ನಿಲ್ಲಿಸಿ ಪಿಂಚಣಿ ಶುರು ಮಾಡಲು, ಹೆಂಡತಿ ಮರುಮದುವೆಯಾಗಲು, ಆಸ್ತಿ ಪಾಲಾಗಲು ಇವೆಲ್ಲ ಬೇಕೇ ಬೇಕು. ಆದರೆ ಈ ಗಡುವುಗಳು ಹೇಳುವುದು ‘ಇನ್ನು ಕಾಯಬೇಡಿ’ ಎಂದಷ್ಟೇ. ಏನಾಯಿತು ಎಂಬುದನ್ನು ಹೇಳುವ ಕೆಲಸ ಅವುಗಳದ್ದಲ್ಲ. ದುಃಖ ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ ಎಂದು ಒಪ್ಪೋಣ. ಉತ್ತರ ಸಿಗದ ಪ್ರಶ್ನೆ ಹಾಗೆ ತೆಳುವಾಗುವುದಿಲ್ಲ. ಅಜ್ಜಿ ಬಾಯಿ ಬಿಡದ ವಿಷಯ ಎಂಬ ಕಾರಣಕ್ಕೇ ಮೊಮ್ಮಗಳಿಗೆ ಅದು ಇನ್ನಷ್ಟು ಬೇಕಾಗುತ್ತದೆ.

ನನ್ನ ವಾದವೆಂದರೆ, ಸರ್ಕಾರ ಈ ಕುಟುಂಬಗಳಿಗೆ ಮೊದಲು ಕೊಡಬೇಕಾದದ್ದು ಮೂಳೆಯಲ್ಲ, ಕಾಗದ. 1943ರಿಂದ ಅಮೆರಿಕದ ವಾಯುಪಡೆ ಕಳೆದುಹೋದ ಪ್ರತಿ ವಿಮಾನಕ್ಕೂ ಒಂದು ವರದಿ ತಯಾರಿಸುತ್ತಿತ್ತು. ಎಲ್ಲಿಂದ ಎಲ್ಲಿಗೆ, ಕೊನೆಯ ಸಲ ಎಲ್ಲಿ ಕಂಡಿತು, ಹವೆ ಹೇಗಿತ್ತು, ನೋಡಿದವರು ಏನೆಂದರು. ಜೊತೆಗೆ ಎಂಜಿನ್‌ಗಳ ಸಂಖ್ಯೆ, ಮೆಷಿನ್‌ಗನ್‌ಗಳ ಸಂಖ್ಯೆ, ಸಿಬ್ಬಂದಿಯ ಹತ್ತಿರದ ಬಂಧುಗಳ ಹೆಸರು ವಿಳಾಸ. ಟೈಪ್‌ರೈಟರಿನಲ್ಲಿ ಕುಟ್ಟಿದ ಈ ಹಾಳೆಗಳು ಆಗ ಗೋಪ್ಯ. ಈಗ ಯಾರು ಬೇಕಾದರೂ ಪ್ರತಿ ತರಿಸಿಕೊಳ್ಳಬಹುದು. ಕಾಡಿನಲ್ಲಿ ಸಿಕ್ಕ ತುಕ್ಕು ಹಿಡಿದ ಕಬ್ಬಿಣಕ್ಕೆ ಹೆಸರು ಬರುವುದು ಹೆಚ್ಚಾಗಿ ಇಂಥ ಸಂಖ್ಯೆಗಳಿಂದಲೇ. ತಾಯಿಗೆ ಹೋದ ಟೆಲಿಗ್ರಾಂ ಎರಡು ಸಾಲು. ಕಚೇರಿಯಲ್ಲಿ ಉಳಿದ ವರದಿ ಎಷ್ಟೋ ಹಾಳೆ. ಈ ಅಂತರವೇ ಎಂಬತ್ತು ವರ್ಷಗಳ ಹುಡುಕಾಟವನ್ನು ಸಾಕಿದೆ. ಬ್ರಿಟನ್ ತನ್ನ ವಾಯುಪಡೆಯ ಸಾವುನೋವಿನ ಕಡತಗಳನ್ನು ಕ್ಯೂ ಊರಿನ ರಾಷ್ಟ್ರೀಯ ದಾಖಲಾಲಯಕ್ಕೆ ಕಂತುಕಂತಾಗಿ ಬಿಡುತ್ತಿದೆ. ಅದರ ಬಾಂಬರ್ ಕಮಾಂಡ್ ಒಂದರಲ್ಲೇ 55,573 ಮಂದಿ ಸತ್ತಿದ್ದರು.

ಕಾಗದ ಸಿಕ್ಕಿದರೆ ಸಮಾಧಾನವೂ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ದಾರಿ ತಪ್ಪಿದ್ದು ನ್ಯಾವಿಗೇಟರ್‌ನಿಂದಲೋ, ಪೈಲಟ್ ಎತ್ತರ ಸಾಕಷ್ಟು ಏರಿಸಲಿಲ್ಲವೋ ಎಂಬ ಮಾತು ಬಂದಾಗ ಇಬ್ಬರ ಮನೆಯವರೂ ಒಂದೇ ಪುಟವನ್ನು ಬೇರೆ ಬೇರೆಯಾಗಿ ಓದುತ್ತಾರೆ. ಸತ್ತವನು ನೋವಿಲ್ಲದೆ ಸತ್ತ ಎಂಬ ಔಪಚಾರಿಕ ಪತ್ರವನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಮನೆಗೆ ಕಡತ ಬೇರೆಯೇ ಹೇಳಬಹುದು. ಇರಲಿ. ಕಹಿ ಸತ್ಯವನ್ನು ಬಂಧುಗಳ ಒಳ್ಳೆಯದಕ್ಕೆಂದೇ ಬಚ್ಚಿಟ್ಟೆವು ಎನ್ನುವ ಅಧಿಕಾರಿಯನ್ನು ನಾನು ನಂಬುವುದಿಲ್ಲ.

ಮೂಳೆಯ ವಿಷಯ ಹಾಗಲ್ಲ, ಅದು ಒಬ್ಬರ ಸೊತ್ತಲ್ಲ. ಎಂಟು ಮಂದಿ ಒಂದೇ ಬೆಂಕಿಯಲ್ಲಿ ಬಿದ್ದ ಮೇಲೆ ಯಾರ ತುಣುಕು ಯಾವುದು ಎಂದು ಹೇಳಬೇಕಾದದ್ದು ಪ್ರಯೋಗಾಲಯ. ಅಲ್ಲಿ ಮುಖ್ಯವಾಗಿ ನೆರವಿಗೆ ಬರುವುದು ತಾಯಿಯಿಂದ ಇಳಿದು ಬರುವ ಡಿಎನ್‌ಎ. ಸತ್ತವನ ಸ್ವಂತ ಮಗ ಆ ಪರೀಕ್ಷೆಗೆ ಉಪಯೋಗವಿಲ್ಲ, ಅವನ ಅಕ್ಕನ ಮಗಳು ಬೇಕು. ತುಳುನಾಡಿನ ಅಳಿಯಸಂತಾನದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ತಂದೆಯ ಹೆಸರು ಹೊತ್ತು ತಿರುಗುವ ಉಳಿದ ಪ್ರಪಂಚ ಮಾತ್ರ ಸೋದರತ್ತೆಯ ಮಕ್ಕಳನ್ನು ಊರೂರು ಹುಡುಕುತ್ತದೆ.

ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಮಾರ್ಕರ್ಮೇರ್ ಸರೋವರದ ಸ್ಟರ್ಲಿಂಗ್ ಬಾಂಬರ್ ಇದೆ. 1943ರ ಮಾರ್ಚ್ ಕೊನೆಯಲ್ಲಿ ಬರ್ಲಿನ್ನಿನ ಮೇಲೆ ದಾಳಿಗೆ ಹೋದ ವಿಮಾನ ಅದು. 2008ರಲ್ಲಿ ಅದರ ಭಾಗ ಮೇಲೆ ಬಂದಾಗ ಬಿಕೆ710 ಎಂಬ ವಿಮಾನವೆಂದು ತಿಳಿದಿದ್ದರು. ಆಮೇಲೆ ಅದು ಬಿಕೆ716 ಎಂದಾಯಿತು. ಸಂಖ್ಯೆಯ ಕೊನೆಯಲ್ಲಿ ಒಂದು ಅಂಕಿ ಬದಲಾದರೆ ಏಳು ಕುಟುಂಬಗಳು ಬದಲಾಗುತ್ತವೆ. 2020ರಲ್ಲಿ ಡಚ್ಚರು ಅದನ್ನು ನೀರಿನಿಂದ ಎತ್ತಿದರು. ಮನೆಯವರ ಒತ್ತಾಯಕ್ಕೆ ಮಣಿದು ಸಿಕ್ಕ ಎಲ್ಲ ವಿಮಾನಗಳನ್ನೂ ಎತ್ತದೆ, ಯಾವುದರಲ್ಲಿ ಸಿಬ್ಬಂದಿಯ ಅವಶೇಷ ಇರುವ ಸಾಧ್ಯತೆ ಇದೆ, ಯಾವುದನ್ನು ಎತ್ತಬಹುದು ಎಂದು ಆರಿಸಿಕೊಳ್ಳುವ ಅವರ ಕ್ರಮ ನನಗೆ ಸರಿಯೆನಿಸುತ್ತದೆ.

ಭಾರತ ಈ ವಿಷಯದಲ್ಲಿ ಚೆನ್ನಾಗಿ ನಡೆದುಕೊಂಡಿತು ಎನ್ನಲಾರೆ. ದಾಮ್‌ರೋ ಬೆಟ್ಟದಲ್ಲಿ ಪೂರ್ಣ ಪ್ರಮಾಣದ ಶೋಧಕ್ಕೆ ಅಮೆರಿಕದ ತಂಡ 2015ರವರೆಗೆ ಕಾಯಬೇಕಾಯಿತು. ಅರುಣಾಚಲ ತನ್ನದೆನ್ನುವ ಚೀನಾ ಪಕ್ಕದಲ್ಲಿರುವಾಗ ವಿದೇಶಿ ಸೇನೆಯವರನ್ನು ಗಡಿಯ ಕಾಡಿಗೆ ಬಿಡಲು ದೆಹಲಿ ಹಿಂದೇಟು ಹಾಕಿದ್ದು ಅರ್ಥವಾಗುತ್ತದೆ. ಅರ್ಥವಾಗದ್ದು, ಅದೇ ಹೊತ್ತಿನಲ್ಲಿ ತನ್ನವರನ್ನು ತಾನೂ ಹುಡುಕುತ್ತಿದ್ದ ದೇಶ ಹೀಗೆ ನಡೆದುಕೊಂಡದ್ದು. 1968ರಲ್ಲಿ 102 ಜನರೊಂದಿಗೆ ರೋಹ್ತಾಂಗ್ ಬಳಿ ಕಳೆದುಹೋದ ವಾಯುಪಡೆಯ ಎಎನ್-12ರ ಅವಶೇಷ 2003ರಲ್ಲಿ ಸಿಕ್ಕಿತು. ಸೇನೆ ಮತ್ತೆ ಮತ್ತೆ ಹೋಗಿ 2024ರಲ್ಲೂ ನಾಲ್ವರ ದೇಹಗಳನ್ನು ಇಳಿಸಿತು. ನಮ್ಮ ಯೋಧನ ಮನೆಯವರ ಕಾಯುವಿಕೆ ಅರ್ಥವಾಗುವವರಿಗೆ ಪರದೇಶದವರದ್ದು ಅರ್ಥವಾಗಬೇಕಿತ್ತು. ಕೊನೆಗೆ 2016ರ ಏಪ್ರಿಲ್‌ನಲ್ಲಿ ದಾಮ್‌ರೋ ಬೆಟ್ಟದ ಅವಶೇಷಗಳು ದೆಹಲಿಯಿಂದ ಹೊರಟವು. ಮರುವರ್ಷ ಎಂಟರಲ್ಲಿ ಒಬ್ಬ ಅಮೆರಿಕದ ಜಾರ್ಜಿಯಾದ ಮಣ್ಣು ಸೇರಿದ.

ಕರ್ನಾಟಕವೂ ಈ ಕತೆಯ ಹೊರಗಿಲ್ಲ. ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ 1944ರ ನವೆಂಬರ್‌ನಲ್ಲಿ ಹುಟ್ಟಿದ್ದು ಕೋಲಾರದಲ್ಲಿ, ಇದೇ ಬಿ-24ರ ಬ್ರಿಟಿಷ್ ರೂಪವಾದ ಲಿಬರೇಟರ್ ವಿಮಾನಗಳೊಂದಿಗೆ. ಆಮೇಲೆ ಬಂಗಾಳಕ್ಕೆ ಹೋಗಿ ಅಲ್ಲಿಂದ ಇಂಡೋಚೀನಾವರೆಗೆ ಹಾರಿತು. ಮರಳದವರ ಮೊಮ್ಮಕ್ಕಳು ಆ ಸ್ಕ್ವಾಡ್ರನ್ನಿನ ದಾಖಲೆ ಬಿಡಿಸಿದರೆ ಕೋಲಾರದ ಹೆಸರಿನಿಂದಲೇ ಓದು ಶುರುವಾಗುತ್ತದೆ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಖರ್ಚಿನ ಆಕ್ಷೇಪಕ್ಕಿಂತ ಅದು ದೊಡ್ಡದು. ಈ ಎಂಟು ಜನ ಬೀಳುವ ಎರಡು ವರ್ಷ ಮೊದಲು, 1942ರಲ್ಲಿ, ಬರ್ಮಾದಿಂದ ಲಕ್ಷಗಟ್ಟಲೆ ಭಾರತೀಯರು ಜಪಾನೀಯರಿಗೆ ಹೆದರಿ ಕಾಲ್ನಡಿಗೆಯಲ್ಲಿ ಈಶಾನ್ಯದ ಬೆಟ್ಟಗಳನ್ನು ದಾಟಿದರು. ರಂಗೂನಿನ ಬಂದರಿನ ಕೂಲಿಗಳು, ಗುಮಾಸ್ತರು, ಅಂಗಡಿಯವರು, ಮಕ್ಕಳನ್ನು ಹೊತ್ತ ಹೆಂಗಸರು. ಮಲೇರಿಯಾ, ಕಾಲರಾ, ಹಸಿವಿಗೆ ಹಾದಿಯಲ್ಲೇ ಸತ್ತವರು ಹತ್ತಾರು ಸಾವಿರ. ಅವರಿಗೆ ಎಂಜಿನ್ ಸಂಖ್ಯೆ ಇರಲಿಲ್ಲ, ಹತ್ತಿರದ ಬಂಧುಗಳ ವಿಳಾಸ ಬರೆದಿಡುವ ಕಚೇರಿಯೂ ಇರಲಿಲ್ಲ. ಬಾಂಬರ್ ಸಿಬ್ಬಂದಿಯನ್ನು ಹುಡುಕುವುದು ಇದರಿಂದ ತಪ್ಪಾಗುವುದಿಲ್ಲ. ಆದರೆ ಆ ಸಿಬ್ಬಂದಿಯ ಮೊಮ್ಮಕ್ಕಳಿಗೆ ಅರ್ಜಿ ಹಾಕಲು ಒಂದು ಕಡತವಾದರೂ ಇದೆ. ಬರ್ಮಾದಿಂದ ಬರುವಾಗ ಪಾಂಗ್ಸಾವು ಕಣಿವೆಯ ಹಾದಿಯಲ್ಲಿ ಬಿದ್ದವನ ಮೊಮ್ಮಗ ಯಾವ ಕಚೇರಿಯ ಬಾಗಿಲು ತಟ್ಟಬೇಕು?