ನೀರಿದ್ದೂ ಬಾಗಿದ ಟೊಮೆಟೊ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ.

ಐದನೇ ತರಗತಿಯ ನನ್ನ ಮೊಮ್ಮಗಳು ಹಳೆಯ ಪೇಂಟ್ ಡಬ್ಬಿಯಲ್ಲಿ ಟೊಮೆಟೊ ಸಸಿ ನೆಟ್ಟು ತಾರಸಿಯ ಮೇಲೆ ಇಟ್ಟಿದ್ದಳು. ಕಳೆದ ತಿಂಗಳು ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಬಿಸಿಲು ಬಂತು, ನೋಡಿದರೆ ಎಲೆಗಳೆಲ್ಲ ಕೆಳಗೆ ಬಾಗಿವೆ. “ಬಾಯಾರಿರಬೇಕು ಪುಟ್ಟಿ, ನೀರು ಹಾಕು” ಎಂದೆ. ಬೆಳಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು. ಮರುದಿನ ಇನ್ನಷ್ಟು ಬಾಗಿತ್ತು. “ನಾನೇ ಸಾಯಿಸಿಬಿಟ್ಟೆ” ಎಂದು ಅವಳು ಊಟ ಬಿಟ್ಟು ಕೂತಳು. ಡಬ್ಬಿ ಎತ್ತಿ ನೋಡಿದ ಅವಳ ಅಜ್ಜಿ, “ಇದಕ್ಕೆ ತೂತೇ ಇಲ್ವಲ್ರೀ!” ಎಂದಳು. ಮಣ್ಣು ಕೆದಕಿದರೆ ಚರಂಡಿ ವಾಸನೆ.

ನಾನು ಬಿ.ಕಾಂ. ಓದಿದವನು. ಪುಸ್ತಕ ತೆರೆದು ಕೂತೆ.

ಬೇರು ನೀರು ಕುಡಿಯುವುದಷ್ಟೇ ಅಲ್ಲ, ಉಸಿರಾಡುತ್ತದೆ ಕೂಡ. ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಅಲ್ಲಿ ನೀರು ನಿಂತರೆ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ.

ಈ ಸುದ್ದಿ ಎಲೆಗೆ ಮುಟ್ಟುವ ಬಗೆ ನೋಡಿ. ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟ ಮಾವಿನಕಾಯಿ ಬೇಗ ಹಣ್ಣಾಗುತ್ತದಲ್ಲ, ಕಾಯಿಯೇ ಬಿಡುವ ಎಥಿಲೀನ್ ಎಂಬ ಅನಿಲದಿಂದ? ಟೊಮೆಟೊ ಗಿಡ ಬಳಸುವುದೂ ಅದನ್ನೇ. ಆ ಅನಿಲ ತಯಾರಾಗುವ ಕೊನೆಯ ಹಂತಕ್ಕೆ ಆಮ್ಲಜನಕ ಬೇಕು. ಮುಳುಗಿದ ಬೇರಿನಲ್ಲಿ ಅದೆಲ್ಲಿ? ಹಾಗಾಗಿ ಅರ್ಧ ತಯಾರಾದ ವಸ್ತು ಕಾಂಡದಲ್ಲಿ ಮೇಲೇರಿ ಎಲೆಗೆ ಬರುತ್ತದೆ. ಅಲ್ಲಿ ಗಾಳಿ ಧಾರಾಳ, ಅನಿಲ ಸಿದ್ಧ! ಆಗ ಎಲೆತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಎಲೆ ಬಾಗುತ್ತದೆ. ಬಾಯಾರಿದ ಎಲೆ ಮುಟ್ಟಿದರೆ ಮೆತ್ತಗೆ ಜೋಲುತ್ತದೆ. ಹೀಗೆ ಬಾಗಿದ್ದು ಗಟ್ಟಿಯಾಗಿಯೇ ಇರುತ್ತದೆ. ಮೊಮ್ಮಗಳಿಗೆ ಮುಟ್ಟಿಸಿ ತೋರಿಸಿದೆ. ತಪ್ಪು ಅವಳದಲ್ಲ, ನನ್ನದು ಎಂದೂ ಹೇಳಿದೆ. (ಹಾಗೇ ಬಿಟ್ಟಿದ್ದರೆ ನಿಜವಾಗಿಯೂ ಬಾಡುತ್ತಿತ್ತು. ಉಸಿರಿಲ್ಲದ ಬೇರು ನೀರನ್ನೂ ಎಳೆಯಲಾರದು.)

“ಮತ್ತೆ ಭತ್ತ ನೀರಲ್ಲೇ ಇರುತ್ತಲ್ಲ ತಾತ?”

ಭತ್ತದ ಬೇರಿನೊಳಗೆ ಗಾಳಿಯ ಕೊಳವೆಗಳಿವೆ. ಮೇಲಿನ ಗಾಳಿ ಅದರಲ್ಲಿ ಇಳಿಯುತ್ತದೆ. ಆದರೆ ಪ್ರವಾಹದಲ್ಲಿ ಪೂರ್ತಿ ಮುಳುಗಿದರೆ ಅದಕ್ಕೂ ಕಷ್ಟ. ಹಲವು ತಳಿಗಳು ತಲೆ ಹೊರಗೆ ಹಾಕಲು ಉದ್ದುದ್ದ ಬೆಳೆದು, ಕೂಡಿಟ್ಟ ಸಕ್ಕರೆಯೆಲ್ಲ ಮುಗಿಸಿ ಸಾಯುತ್ತವೆ. ಒಡಿಶಾದ ಒಂದು ಹಳೆಯ ತಳಿ ಮಾತ್ರ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಠೇವಣಿ ಮುರಿಯದೆ ಕಾಯುವ ಗಿರಾಕಿಯ ಹಾಗೆ! ಆ ಗುಣ ಕೊಡುವ ಜೀನ್ ಅನ್ನು 2006ರಲ್ಲಿ ಗುರುತಿಸಿದರು. ಅದನ್ನು ಸೇರಿಸಿದ ಸ್ವರ್ಣ-ಸಬ್1 ಎಂಬ ಭತ್ತ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಅದು ಎರಡು ವಾರದವರೆಗೂ ಮುಳುಗಿದ್ದು ಮತ್ತೆ ಚಿಗುರಬಲ್ಲದು.

ನಮ್ಮ ಡಬ್ಬಿಗೆ ಮೊಳೆಯಿಂದ ಆರು ತೂತು ಹೊಡೆದೆವು. ಕಪ್ಪು ನೀರು ಹರಿದುಹೋಯಿತು. ಕೆಳಗಿನ ಎರಡು ಎಲೆ ಹಳದಿಯಾಗಿ ಉದುರಿದವು. ಆದರೆ ಕಾಂಡದ ಬುಡದಲ್ಲಿ ಬಿಳಿ ಗುಳ್ಳೆಯಂಥವು ಎದ್ದಿದ್ದನ್ನು ಮೊದಲು ಕಂಡವಳು ಮೊಮ್ಮಗಳೇ. ಹೊಸ ಬೇರುಗಳು! ಹಳೆಯ ಬೇರು ಸೋತಾಗ ಟೊಮೆಟೊ ಹೀಗೆ ಕಾಂಡದಿಂದಲೇ ಬೇರು ಬಿಡುತ್ತದೆ.

ಈಗ ಅವಳು ಮಣ್ಣಿಗೆ ಬೆರಳು ಚುಚ್ಚಿ ನೋಡಿಯೇ ನೀರು ಹಾಕುವುದು. ಚೆಂಬು ಮುಟ್ಟಲು ನನಗೆ ಅನುಮತಿ ಇಲ್ಲ.