ಊರಿನ ನೆನಪಿಗೊಂದು ಕಪಾಟು

ಅರಸರ ವಂಶಾವಳಿಯನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ತಮ್ಮ ಮುತ್ತಜ್ಜನ ತಂದೆಯ ಹೆಸರನ್ನು ಬಲ್ಲವರು ಎಷ್ಟು ಮಂದಿ? ಉತ್ತರ ಕರ್ನಾಟಕದ ಅನೇಕ ಒಕ್ಕಲು ಮನೆತನಗಳಿಗೆ ಅದನ್ನು ತಿಳಿಸುತ್ತ ಬಂದವರು ಹೆಳವರು. ಎತ್ತನ್ನೇರಿ ಊರೂರಿಗೆ ಬಂದು, ಮನೆಯಂಗಳದಲ್ಲಿ ವಂಶದ ಕಥೆಯನ್ನು ಹೇಳುವುದು ಅವರ ಕುಲವೃತ್ತಿ. ಈಗ ಅವರ ಮಕ್ಕಳಲ್ಲಿ ಹಲವರು ಬೇರೆ ಉದ್ಯೋಗಗಳನ್ನು ಹಿಡಿದಿದ್ದಾರೆ, ಅದು ಸಹಜ. ಆದರೆ ಅವರ ಕೈಬರಹದ ಹೊತ್ತಗೆ ಗೆದ್ದಲಿನ ಪಾಲಾದರೆ ಎಷ್ಟೋ ಮನೆತನಗಳ ನೆನಪು ಅದರೊಡನೆ ಅಳಿಯುತ್ತದೆ.

ಶಿಲಾಶಾಸನಗಳಿಗೂ ಇದೇ ಗತಿಯಾಗಬಹುದಿತ್ತು. ಬಿ. ಎಲ್. ರೈಸ್ ಅವರು 1886ರಿಂದ ಮೊದಲ್ಗೊಂಡು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಕಲ್ಲು ಸವೆದರೂ ಬರಹ ಉಳಿಯಿತು.

1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ, ಜನರು ಸಲ್ಲಿಸುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿರುತ್ತದೆ. ಜನರ ಹಣದಿಂದ ನಡೆಯುವ ಗ್ರಂಥಾಲಯದಲ್ಲಿ ಜನರ ಚರಿತ್ರೆಗೂ ಸ್ಥಳವಿರಬೇಡವೇ? ಪ್ರತಿಯೊಂದು ಗ್ರಂಥಾಲಯವೂ ಇದಕ್ಕಾಗಿ ಒಂದು ಕಪಾಟನ್ನು ಮೀಸಲಿಡಲಿ. ಶಾಸನ ಸಂಪುಟ, ಜಿಲ್ಲಾ ಗ್ಯಾಸೆಟಿಯರುಗಳ ಪಕ್ಕದಲ್ಲಿ ಹೆಳವರ ಹೊತ್ತಗೆಗಳ ಪ್ರತಿಗಳೂ ಇರಲಿ. ಅವರ ಒಪ್ಪಿಗೆಯಿಂದ, ತಕ್ಕ ಗೌರವಧನವಿತ್ತು ಪ್ರತಿಮಾಡಿಕೊಳ್ಳಬೇಕು. ಮೂಲವು ಅವರಲ್ಲಿಯೇ ಉಳಿಯಬೇಕು.

ವಂಶಾವಳಿಯು ಕುಲದ ಹೆಮ್ಮೆಯನ್ನು ಬೆಳೆಸೀತೆಂದು ಅಂಜುವವರುಂಟು. ಆದರೆ ಬರಗಾಲಕ್ಕೆ ಊರು ಬಿಟ್ಟು, ಪರರ ಆಸರೆಯಲ್ಲಿ ಬಾಳಿದ ಹಿರಿಯರನ್ನು ಅದರಲ್ಲಿ ಕಂಡವನು, ಇಂದು ತನ್ನೂರಿಗೆ ವಲಸೆ ಬಂದವನನ್ನು ಪರಕೀಯನೆಂದು ಹೇಗೆ ತಾನೇ ಕರೆದಾನು?